ಯಾತ್ರಿಕರನ್ನು ಉಪಚರಿಸಿದವರು: ತಿಪಟೂರು ಸೀಮೆಯ ಅರವಟ್ಟಿಗೆ, ಛತ್ರ, ಜಾತ್ರೆಗಳಿಂದ ಇಂದಿನ ಮನರಂಜನಾ ಉದ್ಯಾನದವರೆಗೆ

೧. ಪೀಠಿಕೆ

ಮನುಷ್ಯನು ದಿನನಿತ್ಯದ ದುಡಿಮೆಯನ್ನು ಕೆಲಕಾಲ ಬದಿಗಿರಿಸಿ, ಪುಣ್ಯಕ್ಕಾಗಿಯೋ ವಿನೋದಕ್ಕಾಗಿಯೋ ತನ್ನ ಊರಿನಿಂದ ಪರಸ್ಥಳಕ್ಕೆ ಹೋಗಿಬರುವ ಪದ್ಧತಿಯು ಬಹು ಪುರಾತನವಾದುದು. ಹಾಗೆ ಹೋಗಿಬಂದವನು ತಾನು ಕಂಡ ದೇವರನ್ನೂ ತೇರಿನ ವೈಭವವನ್ನೂ ವರ್ಣಿಸಿ ಮುಗಿಸಿದ ಮೇಲೆ ತಪ್ಪದೆ ಹೇಳುವ ಮತ್ತೊಂದು ವಿಷಯವುಂಟು. ಅಲ್ಲಿಯ ಜನರು ತನ್ನನ್ನು ಹೇಗೆ ಕಂಡರೆಂಬುದೇ ಅದು. ಬಾಯಾರಿದಾಗ ಕರೆದು ನೀರು ಕೊಟ್ಟವರು, ದಾರಿ ತಪ್ಪಿದಾಗ ಜೊತೆಯಲ್ಲಿ ನಾಲ್ಕು ಹೆಜ್ಜೆ ಬಂದವರು, ಜನಸಂದಣಿಯಲ್ಲಿ ಕೈಬಿಟ್ಟುಹೋದ ಮಗುವನ್ನು ಹುಡುಕಿಕೊಟ್ಟವರು, ಇವರ ನೆನಪು ಯಾತ್ರೆಯ ನೆನಪಿನೊಡನೆ ಬೆರೆತುಹೋಗಿರುತ್ತದೆ. ಇಂದು ಥೀಮ್ ಪಾರ್ಕ್ ಎಂದು ಕರೆಯಲ್ಪಡುವ ಮನರಂಜನಾ ಉದ್ಯಾನಗಳಿಗೆ ಹೋಗಿಬರುವ ಕುಟುಂಬಗಳೂ ವಿದ್ಯಾರ್ಥಿಗಳೂ ಅಲ್ಲಿಯ ಯಂತ್ರಗಳನ್ನು ಹೊಗಳುವಷ್ಟೇ ಆದರದಿಂದ ಅಲ್ಲಿಯ ಸಿಬ್ಬಂದಿಯ ನಗುಮೊಗವನ್ನು ಹೊಗಳುವುದನ್ನು ಕೇಳುತ್ತೇವೆ. ರಜೆಯ ದಿನವನ್ನು ಸಂತೋಷದ ದಿನವನ್ನಾಗಿ ಮಾಡುವುದರಲ್ಲಿ ಈ ಜನರ ಪಾಲು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ.

ಈ ಮೆಚ್ಚಿಕೆಯು ಯೋಗ್ಯವಾದುದೇ. ಆದರೆ ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಯಾತ್ರಿಕರನ್ನು ಉಪಚರಿಸಿದವರ ಚರಿತ್ರೆ ಎಲ್ಲಿದೆ? ಕೆರೆಯನ್ನು ಕಟ್ಟಿಸಿದವರ ಹೆಸರು ಶಿಲೆಯಲ್ಲಿದೆ. ಛತ್ರಕ್ಕೆ ಭೂಮಿಯನ್ನು ಬಿಟ್ಟವರ ಹೆಸರು ದಾಖಲೆಯಲ್ಲಿದೆ. ಆ ಛತ್ರದಲ್ಲಿ ಬೆಳಗಿನ ಜಾವ ಎದ್ದು ಒಲೆ ಹೊತ್ತಿಸಿದವನ, ಅರವಟ್ಟಿಗೆಯ ನೆರಳಿನಲ್ಲಿ ನಿಂತು ಸಾವಿರ ಬೊಗಸೆಗಳಿಗೆ ನೀರೆರೆದವಳ ಹೆಸರು ಎಲ್ಲಿಯೂ ಕಾಣದು. ಉಪಚಾರದ ಕೀರ್ತಿಯು ಕೊಟ್ಟವನಿಗೆ ಸಂದಿತೇ ಹೊರತು ಮಾಡಿದವನಿಗೆ ಸಲ್ಲಲಿಲ್ಲ. ಈ ಅಂತರವು ಹೇಗೆ ಉಂಟಾಯಿತು, ಅದನ್ನು ತುಂಬಲು ನಮ್ಮಲ್ಲಿರುವ ಆಧಾರಗಳು ಯಾವುವು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿಷಯವು ವಿಶಾಲವಾದುದರಿಂದ ಇದನ್ನು ಒಂದು ಸೀಮೆಗೆ ಮಿತಗೊಳಿಸಿದೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಸೇರಿ ಕಲ್ಪತರು ನಾಡೆಂದು ಹೆಸರಾದ ತೆಂಗಿನ ಸೀಮೆಯಾಗಿವೆ. ಈ ಸೀಮೆಯ ಜನರು ಯಾತ್ರೆ ಹೋಗುವ ನೆರೆಯ ಯಡಿಯೂರು, ಗುಬ್ಬಿ, ಸಿದ್ಧಗಂಗೆಗಳನ್ನೂ ಅವಶ್ಯವಿದ್ದೆಡೆ ಸೇರಿಸಿಕೊಂಡಿದೆ.

೨. ಸೀಮೆಯ ಸ್ವರೂಪ

ಇದು ಮಲೆನಾಡಲ್ಲ. ಮಳೆ ಸಾಧಾರಣ, ಬೇಸಗೆ ಕಠಿನ. ಕೆರೆಗಳ ಕೆಳಗೂ ಹಳ್ಳಗಳ ಬದಿಯಲ್ಲಿಯೂ ಹಬ್ಬಿದ ತೆಂಗಿನ ತೋಟಗಳೇ ಈ ನಾಡಿನ ನೆರಳು, ಆದಾಯ ಮತ್ತು ಆತಿಥ್ಯದ ಸಾಧನ. ಬಲಿತ ಕಾಯಿಯನ್ನು ಹಲವು ತಿಂಗಳು ಅಟ್ಟದ ಮೇಲೆ ಇರಿಸಿ, ಒಳಗಿನ ನೀರು ಇಂಗಿದ ಬಳಿಕ ಸುಲಿದು ತೆಗೆಯುವ ಉಂಡೆ ಕೊಬ್ಬರಿಯು ತಿಪಟೂರಿನ ಮಾರುಕಟ್ಟೆಗೆ ದೇಶದಲ್ಲೆಲ್ಲ ಹೆಸರು ತಂದುಕೊಟ್ಟಿದೆ. ಹಿಂದೆ ತಾಲ್ಲೂಕಿನ ಕೇಂದ್ರವಾಗಿದ್ದ ಹೊನ್ನವಳ್ಳಿಯ ಸುತ್ತಮುತ್ತ ಬೆಳೆಯುವ, ನವಿರಾದ ರುಚಿಯುಳ್ಳ ಗಂಗಾಪಾಣಿ ಎಂಬ ತೆಂಗನ್ನು ಬೆಂಜಮಿನ್ ಲೂಯಿ ರೈಸರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಗುರುತಿಸಿದ್ದಾರೆ. ಬಂದವರಿಗೆ ಎಳನೀರು ಕೆತ್ತಿಕೊಡುವುದು, ಹೋಗುವವರಿಗೆ ತಾಂಬೂಲದೊಡನೆ ಕಾಯಿ ಕೊಡುವುದು ಇಲ್ಲಿಯ ಮನೆಮನೆಯ ನಡವಳಿಕೆ.

ಈ ಸೀಮೆಯ ಜಾತ್ರೆಗಳಲ್ಲಿ ಹೆಚ್ಚಿನವು ಸುಗ್ಗಿ ಮುಗಿದ ಮೇಲೆ, ಮಾಘದಿಂದ ವೈಶಾಖದವರೆಗಿನ ಬಿಸಿಲಿನ ತಿಂಗಳುಗಳಲ್ಲಿ ನಡೆಯುತ್ತವೆ. ರೈತನಿಗೆ ಬಿಡುವು ದೊರೆಯುವ ಕಾಲವೂ ನೀರಿಗೆ ಬರವಿರುವ ಕಾಲವೂ ಒಂದೇ ಆಗಿರುವುದನ್ನು ವಾಚಕರು ಗಮನಿಸಬೇಕು. ಹತ್ತಾರು ಮೈಲಿ ಬಿಸಿಲಿನಲ್ಲಿ ನಡೆದೋ ಎತ್ತಿನ ಗಾಡಿಯಲ್ಲೋ ಬರುತ್ತಿದ್ದ ಜನರಿಗೆ ದಾರಿಯಲ್ಲಿ ನೀರು, ನೆರಳು, ಅನ್ನ ದೊರೆಯದಿದ್ದರೆ ಜಾತ್ರೆಯೇ ಸೇರುತ್ತಿರಲಿಲ್ಲ. ಆದುದರಿಂದ ಉಪಚಾರವೆಂಬುದು ಇಲ್ಲಿ ಶೋಭೆಗಾಗಿ ಸೇರಿದ ಸಂಗತಿಯಾಗಿರದೆ ಯಾತ್ರೆಯ ಆಧಾರವೇ ಆಗಿತ್ತು.

೩. ಶಾಸನಗಳು ಹೇಳುವುದು, ಹೇಳದಿರುವುದು

ತುಮಕೂರು ಜಿಲ್ಲೆಯ ಶಾಸನಗಳನ್ನು ರೈಸರು ೧೯೦೪ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದರು. ಕನ್ನಡ ನಾಡಿನ ಶಾಸನಗಳಲ್ಲಿ ದಾರಿಗರಿಗೆ ನೀರು ಕೊಡುವ ತಾಣಕ್ಕೆ ಅರವಂಟಿಗೆ ಎಂಬ ಹೆಸರೂ, ಅನ್ನವನ್ನು ನೀಡುವ ಸ್ಥಳಕ್ಕೆ ಸತ್ರ ಎಂಬ ಹೆಸರೂ ಕಾಣಬರುತ್ತವೆ. ಇಂದಿನ ಅರವಟ್ಟಿಗೆ, ಛತ್ರ ಎಂಬ ಮಾತುಗಳು ಇವುಗಳ ಮುಂದುವರಿಕೆಗಳು. ಇವುಗಳಿಗೆ ಗದ್ದೆ ತೋಟಗಳನ್ನು ಬಿಟ್ಟುಕೊಡುವುದು ದೇವಾಲಯವನ್ನು ಕಟ್ಟಿಸುವುದರಷ್ಟೇ ಪುಣ್ಯಕರವೆಂದು ಎಣಿಸಲ್ಪಟ್ಟಿತ್ತು.

ನಮ್ಮ ಸೀಮೆಯಲ್ಲಿ ಇಂತಹ ದಾನಧರ್ಮಗಳಿಗೆ ಆಶ್ರಯವಾಗಿದ್ದ ಸ್ಥಳಗಳು ಹಲವು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯವು ಸುಮಾರು ಒಂಬತ್ತನೆಯ ಶತಮಾನದ್ದು. ಅದರ ಭುವನೇಶ್ವರಿಯಲ್ಲಿ ದಿಕ್ಪಾಲಕರ ನಡುವೆ ನರ್ತಿಸುವ ಶಿವನನ್ನು ಕಾಣಲು ಕಲಾವಿದರು ಇಂದಿಗೂ ಬರುತ್ತಾರೆ. ತುರುವೇಕೆರೆಯು ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ, ಪ್ರಮುಖ ಅಗ್ರಹಾರವಾಗಿತ್ತು. ಅಲ್ಲಿಯ ಚೆನ್ನಿಗರಾಯ, ಮೂಲೆ ಶಂಕರೇಶ್ವರ ಗುಡಿಗಳು ಆ ಕಾಲದ ಸಂಪತ್ತಿಗೆ ಸಾಕ್ಷಿಯಾಗಿವೆ. ವಿಘ್ನಸಂತೆ, ನಾಗಲಾಪುರ, ಶೆಟ್ಟಿಕೆರೆಗಳಲ್ಲಿಯೂ ಹೊಯ್ಸಳ ಶೈಲಿಯ ದೇವಾಲಯಗಳುಂಟು. ಇಷ್ಟು ಒತ್ತಾಗಿ ದೇವಾಲಯಗಳಿರುವ ಪ್ರದೇಶದಲ್ಲಿ ಜನರ ಓಡಾಟವೂ ಒತ್ತಾಗಿಯೇ ಇದ್ದಿರಬೇಕು.

ಹೊಯ್ಸಳರ ಕಾಲದ ದೇವಾಲಯ ಶಾಸನಗಳಲ್ಲಿ ಪೂಜಕರು, ಪರಿಚಾರಕರು, ಅಡುಗೆಯವರು, ಮಾಲೆಗಾರರು, ವಾದ್ಯಗಾರರು ಮೊದಲಾದವರಿಗೆ ಇಷ್ಟಿಷ್ಟು ಗದ್ಯಾಣ, ಇಷ್ಟಿಷ್ಟು ಭೂಮಿಯೆಂದು ನಿಗದಿಮಾಡಿರುವುದುಂಟು. ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸೇವೆಯೆಂಬುದು ಭಕ್ತಿಯಿಂದ ಮಾತ್ರ ನಡೆಯುವುದಿಲ್ಲ, ಮಾಡುವವನ ಹೊಟ್ಟೆಗೂ ದಾರಿ ಮಾಡಬೇಕು ಎಂಬುದನ್ನು ಆ ಕಾಲದವರು ಚೆನ್ನಾಗಿ ಅರಿತಿದ್ದರು. ಎರಡನೆಯದಾಗಿ, ಅವರು ಬರೆದಿಟ್ಟುದು ಹುದ್ದೆಯನ್ನು. ಸಾಮಾನ್ಯವಾಗಿ ಆ ಹುದ್ದೆಯಲ್ಲಿದ್ದ ವ್ಯಕ್ತಿಯನ್ನಲ್ಲ.

ಇದಕ್ಕೆ ಕೆಲಸಗಾರರೆಲ್ಲರೂ ಅನಾಮಧೇಯರಾಗಿದ್ದ ಕಾಲಧರ್ಮವೇ ಕಾರಣವೆಂದು ಹೇಳಲು ಬರುವಂತಿಲ್ಲ. ಹೊಯ್ಸಳ ಶಿಲ್ಪಿಗಳು ತಾವು ಕಡೆದ ಮೂರ್ತಿಗಳ ಕೆಳಗೆ ತಮ್ಮ ಹೆಸರನ್ನು ಕೊರೆದಿಡುತ್ತಿದ್ದರು. ತಿಪಟೂರು ಸೀಮೆಗೆ ನೆರೆಯದಾದ ನುಗ್ಗೇಹಳ್ಳಿಯಲ್ಲಿ ೧೨೪೬ರಲ್ಲಿ ಕಟ್ಟಲ್ಪಟ್ಟ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳನ್ನು ಇಂದಿಗೂ ಓದಬಹುದು. ಶಿಲ್ಪಿಯ ಕೆಲಸವು ಕಲ್ಲಿನಲ್ಲಿ ಉಳಿಯಿತು, ಅದರೊಡನೆ ಅವನ ಹೆಸರೂ ಉಳಿಯಿತು. ನೀರೆರೆದವರ ಕೆಲಸವು ಕುಡಿದವರ ದಾಹದೊಡನೆಯೇ ಮುಗಿದುಹೋಯಿತು. ಕುರುಹನ್ನು ಉಳಿಸದ ಕೆಲಸವನ್ನು ಮಾಡಿದವರನ್ನು ಚರಿತ್ರೆಯು ಮರೆಯುವುದು ಸುಲಭ.

೪. ದಾಸೋಹವೆಂಬ ವಿಚಾರ

ಸೇವೆ ಮಾಡುವವನನ್ನೇ ಮುಂದೆ ನಿಲ್ಲಿಸಿದ ಒಂದು ಪರಂಪರೆಯು ಈ ನಾಡಿನಲ್ಲಿ ಇಲ್ಲದಿಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕ, ದಾಸೋಹ ಎಂಬ ಎರಡು ತತ್ತ್ವಗಳನ್ನು ಜೋಡಿಸಿ ಹೇಳಿದರು. ದುಡಿದು ಗಳಿಸಿದುದನ್ನು ಸಮಾಜಕ್ಕೆ ಸಲ್ಲಿಸುವುದು ದಾಸೋಹ. ಸಲ್ಲಿಸುವವನು ತಾನು ಕೊಡುವವನೆಂಬ ಅಹಂಕಾರವನ್ನು ತೊರೆದಿರಬೇಕೆಂಬುದು ಅದರ ನಿಯಮ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂಬ ಹೆಸರುಗಳಲ್ಲಿ ಕೆಲಸವೇ ಬಿರುದಾಗಿರುವುದನ್ನು ನೋಡಬಹುದು.

ಈ ಪರಂಪರೆಯು ತುಮಕೂರು ಸೀಮೆಯಲ್ಲಿ ಬೇರೂರಿದ ಬಗೆಯು ನಮ್ಮ ವಿಷಯಕ್ಕೆ ಮುಖ್ಯವಾದುದು. ತುರುವೇಕೆರೆಗೆ ಹತ್ತಿರದ, ಕುಣಿಗಲ್ ತಾಲ್ಲೂಕಿಗೆ ಸೇರಿದ ಯಡಿಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ ಇದೆ. ಅವರ ಶಿಷ್ಯಪರಂಪರೆಯವರಾದ ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರು ಸಿದ್ಧವೀರಣಾರ್ಯ ಇವರು ಶೂನ್ಯಸಂಪಾದನೆಯನ್ನು ಪರಿಷ್ಕರಿಸಿ ಸಂಕಲಿಸಿದವರಲ್ಲಿ ಪ್ರಮುಖರು. ಆ ಗ್ರಂಥದಲ್ಲಿ ಆಯ್ದಕ್ಕಿ ಮಾರಯ್ಯನ ಪ್ರಸಂಗವೊಂದುಂಟು. ಮಾರಯ್ಯನು ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹವನ್ನು ನಡೆಸುತ್ತಿದ್ದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರಲು, ಹೆಂಡತಿ ಲಕ್ಕಮ್ಮನು ಅದನ್ನು ಒಪ್ಪದೆ, ಅವಶ್ಯಕ್ಕಿಂತ ಮಿಗಿಲಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆತಿಥ್ಯವು ಸಿರಿವಂತನ ಭಂಡಾರದಿಂದ ಹುಟ್ಟುವುದೆಂಬ ಭಾವನೆಗೆ ಇದು ನೇರವಾದ ಉತ್ತರ. ಇಲ್ಲಿ ಉಪಚರಿಸುವವರು ಬಡವರು. ಉಪಚಾರದ ಮರ್ಮವನ್ನು ತಿಳಿಸುವವಳು ಅಡುಗೆಮನೆಯ ಹೆಂಗಸು. ಮತ್ತು ಇಬ್ಬರ ಹೆಸರುಗಳೂ ಗ್ರಂಥದಲ್ಲಿ ಉಳಿದಿವೆ.

ಯಡಿಯೂರಿನ ದಾಸೋಹವು ಇಂದಿಗೂ ನಡೆಯುತ್ತಿದೆ. ಚೈತ್ರಮಾಸದ ತೇರಿನ ಸಮಯದಲ್ಲಿ ತೆಂಗಿನ ಸೀಮೆಯಿಂದ ಅಲ್ಲಿಗೆ ಜನಪ್ರವಾಹವೇ ಹರಿಯುತ್ತದೆ. ನೊಣವಿನಕೆರೆ, ಕೆರೆಗೋಡಿ ರಂಗಾಪುರಗಳ ಮಠಗಳಿಗೂ, ತಿಪಟೂರಿಗೆ ಸಮೀಪದ ದಸರೀಘಟ್ಟದ ಚೌಡೇಶ್ವರಿಯ ಸನ್ನಿಧಿಗೂ ಬರುವ ಭಕ್ತರು ಬಹುಮಂದಿ. ತುಮಕೂರಿನ ಬಳಿಯ ಸಿದ್ಧಗಂಗಾ ಮಠದಲ್ಲಿ ೧೯೪೧ರಿಂದ ಅಧ್ಯಕ್ಷರಾಗಿದ್ದ ಶ್ರೀ ಶಿವಕುಮಾರ ಸ್ವಾಮಿಗಳು ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೆ ನಡೆಸಿದ ಅನ್ನ ಮತ್ತು ಅಕ್ಷರದ ದಾಸೋಹವು ಸರ್ವವಿದಿತ. ಶಿವರಾತ್ರಿಯ ಜಾತ್ರೆಗೆ ಅಲ್ಲಿ ಸೇರುವ ಜನಸ್ತೋಮಕ್ಕೆ ಬಡಿಸುವ ಕೈಗಳನ್ನು ಎಣಿಸಿದವರಿಲ್ಲ. ಸಂಸ್ಥೆಯ ಕೀರ್ತಿಯನ್ನು ಬರೆಯುವವರು ಒಲೆಯ ಮುಂದೆ ನಿಂತವರನ್ನೂ ಒಂದು ಅಧ್ಯಾಯದಲ್ಲಿ ನೆನೆಯುವುದು ಲಕ್ಕಮ್ಮನ ಪರಂಪರೆಗೆ ಒಪ್ಪುವ ಕಾರ್ಯವಾದೀತು.

೫. ತಳವಾರ, ತೋಟಿ, ಪಾರುಪತ್ತೇಗಾರ, ಮೇಟಿ

ಮಠ ದೇವಾಲಯಗಳ ಹೊರಗೆ, ಹಳ್ಳಿಯ ಆಡಳಿತದೊಳಗೂ ದಾರಿಗರ ಉಪಚಾರಕ್ಕೆ ಏರ್ಪಾಡಿತ್ತು. ಈಸ್ಟ್ ಇಂಡಿಯಾ ಕಂಪೆನಿಯ ವ್ಯವಹಾರಗಳನ್ನು ಕುರಿತು ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ೧೮೧೨ರಲ್ಲಿ ಸಲ್ಲಿಸಿದ ಐದನೆಯ ವರದಿಯು ದಕ್ಷಿಣ ಭಾರತದ ಗ್ರಾಮವ್ಯವಸ್ಥೆಯನ್ನು ವರ್ಣಿಸುವಾಗ, ತಳವಾರನ ಕರ್ತವ್ಯಗಳಲ್ಲಿ ಒಂದು ಊರಿನಿಂದ ಮತ್ತೊಂದು ಊರಿಗೆ ಹೋಗುವವರ ಜೊತೆಗೆ ಹೋಗಿ ಕಾಪಾಡುವುದೂ ಸೇರಿತ್ತೆಂದು ಹೇಳುತ್ತದೆ. ಮೈಸೂರು ಸೀಮೆಯ ಹನ್ನೆರಡು ಆಯಗಾರರಲ್ಲಿಯೂ ತಳವಾರ, ತೋಟಿ, ನೀರಗಂಟಿಗಳು ಇದ್ದರು. ಸುಗ್ಗಿಯ ಕಣದಲ್ಲಿ ಅವರಿಗೆ ಸಲ್ಲುವ ಆಯವು ಗೊತ್ತಾಗಿತ್ತು. ದಾರಿಗನಿಗೆ ಜೊತೆಯಾಗಿ ನಡೆಯುವುದು ಹೀಗೆ ಒಂದು ಉದ್ಯೋಗವೇ ಆಗಿದ್ದಿತು.

ಮೈಸೂರು ಸಂಸ್ಥಾನದಲ್ಲಿ ಛತ್ರಗಳೂ ದೇವಾಲಯಗಳೂ ಮುಜರಾಯಿ ಇಲಾಖೆಯ ಮೇಲ್ವಿಚಾರಣೆಗೆ ಒಳಪಟ್ಟವು. ೧೯೨೭ರ ಧಾರ್ಮಿಕ ಮತ್ತು ಧರ್ಮಾರ್ಥ ಸಂಸ್ಥೆಗಳ ಶಾಸನವು ಈ ಆಡಳಿತಕ್ಕೆ ಕ್ರಮಬದ್ಧವಾದ ರೂಪವನ್ನು ಕೊಟ್ಟಿತು. ತಸ್ತೀಕು, ಪಾರುಪತ್ತೇಗಾರ ಮೊದಲಾದ ಮಾತುಗಳು ಆ ಕಾಲದ ಕಾಗದಪತ್ರಗಳಲ್ಲಿ ಬಳಕೆಯಾದುವು. ಸರ್ಕಾರಿ ಅಧಿಕಾರಿಗಳೂ ದೂರದ ಪ್ರಯಾಣಿಕರೂ ಇಳಿದುಕೊಳ್ಳುತ್ತಿದ್ದ ಮುಸಾಫರಿ ಬಂಗಲೆಗಳಲ್ಲಿ ಮೇಟಿ ಎಂಬ ಸೇವಕನಿರುತ್ತಿದ್ದನು. ಬಿಸಿನೀರು ಕಾಯಿಸಿ, ದೀಪ ಹಚ್ಚಿ, ಊರಿನ ಸಮಾಚಾರವನ್ನು ತಿಳಿಸುತ್ತಿದ್ದ ಮೇಟಿಯು ಹೊಸಬನಿಗೆ ಆ ಊರಿನ ಮೊದಲ ಪರಿಚಯವಾಗಿದ್ದನು. ೧೮೮೪ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದ ರೈಲುಹಾದಿಯು ೧೮೮೯ರ ಹೊತ್ತಿಗೆ ತಿಪಟೂರನ್ನು ದಾಟಿ ಹರಿಹರದತ್ತ ಸಾಗಿದ ಮೇಲೆ ಜನಸಂಚಾರವು ಹೆಚ್ಚಿ, ನಿಲ್ದಾಣದ ಕೂಲಿಗಾರ, ಜಟಕಾ ಸಾಬಿ, ಹೋಟೆಲಿನ ಮಾಣಿ ಎಂಬ ಹೊಸ ಉಪಚಾರಕರು ಕಾಣಿಸಿಕೊಂಡರು.

ಈ ವ್ಯವಸ್ಥೆಯನ್ನು ಮೆಚ್ಚುವಾಗಲೇ ಅದರ ದೋಷವನ್ನೂ ಹೇಳಬೇಕಾದುದು ಇತಿಹಾಸಕಾರನ ಕರ್ತವ್ಯ. ಹಳೆಯ ಕಾಲದ ಉಪಚಾರವು ಎಲ್ಲರಿಗೂ ಒಂದೇ ಬಗೆಯಾಗಿ ಸಲ್ಲುತ್ತಿರಲಿಲ್ಲ. ಛತ್ರಗಳಲ್ಲಿ ಪಂಕ್ತಿಭೇದವಿತ್ತು. ಅರವಟ್ಟಿಗೆಯಲ್ಲಿ ಕೆಲವರ ಕೈಗೆ ಪಾತ್ರೆ ದೊರೆತರೆ, ಮತ್ತೆ ಕೆಲವರು ದೂರದಲ್ಲಿ ಬಾಗಿ ನಿಂತು ಮೇಲಿನಿಂದ ಎರೆದ ನೀರನ್ನು ಬೊಗಸೆಯಲ್ಲಿ ಹಿಡಿಯಬೇಕಾಗಿತ್ತು. ಅನೇಕ ಹಳ್ಳಿಗಳಲ್ಲಿ ತೋಟಿಯ ಕೆಲಸವು ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟ ಸಮುದಾಯದವರಿಗೆ ಸೇರಿತ್ತು. ಪ್ರಯಾಣಿಕನ ಗಂಟನ್ನು ಹೊತ್ತು ದಾರಿ ತೋರಿದವನು ಛತ್ರದ ಬಾಗಿಲಿನಲ್ಲಿ ಅದನ್ನು ಇಳಿಸಿ ಹೊರಗೇ ನಿಲ್ಲಬೇಕಾಗಿತ್ತು. ಉಪಚರಿಸಿದವನೇ ಉಪಚಾರಕ್ಕೆ ಅನರ್ಹನಾಗಿದ್ದ ಈ ಸ್ಥಿತಿಯನ್ನು ಮರೆತು ಹಿಂದಿನ ಆತಿಥ್ಯವನ್ನು ಹಾಡಿ ಹೊಗಳುವುದು ಚರಿತ್ರೆಯಾಗಲಾರದು.

೧೯೫೦ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನವು ಈ ವಿಷಯದಲ್ಲಿ ಆಳವಾದ ಬದಲಾವಣೆಯನ್ನು ತಂದಿತು. ಅದರ ೧೫ನೆಯ ಅನುಚ್ಛೇದವು ಅಂಗಡಿ, ಹೋಟೆಲು, ಸಾರ್ವಜನಿಕ ಮನೋರಂಜನೆಯ ಸ್ಥಳಗಳಿಗೆ ಪ್ರವೇಶಿಸುವುದರಲ್ಲಿಯೂ, ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಉಪಯೋಗಿಸುವುದರಲ್ಲಿಯೂ ಜಾತಿಮತಗಳ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ವಿಧಿಸುತ್ತದೆ. ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸುತ್ತದೆ. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಇದಕ್ಕೆ ದಂಡನೆಯ ಬಲವನ್ನು ಒದಗಿಸಿತು. ಬಾವಿಯನ್ನೂ ಮನೋರಂಜನೆಯ ಸ್ಥಳವನ್ನೂ ಸಂವಿಧಾನವು ಒಂದೇ ಅನುಚ್ಛೇದದಲ್ಲಿ ಸೇರಿಸಿರುವುದು ಅರ್ಥವತ್ತಾಗಿದೆ. ನೀರಿನಲ್ಲಿ ಮಾತ್ರವಲ್ಲ, ಸಂತೋಷದಲ್ಲಿಯೂ ಎಲ್ಲರಿಗೂ ಸಮಾನವಾದ ಹಕ್ಕಿದೆಯೆಂಬುದು ಅದರ ತಾತ್ಪರ್ಯ.

೬. ಜಾತ್ರೆಯ ಕೆಲಸಗಾರರು

ಜಾತ್ರೆಯೇ ನಮ್ಮ ಹಳ್ಳಿಗರ ವಿಹಾರ, ಮಾರುಕಟ್ಟೆ, ಪ್ರದರ್ಶನ ಮತ್ತು ಯಾತ್ರೆಯಾಗಿತ್ತು. ಮೂರು ನಾಲ್ಕು ದಿನಗಳ ಮಟ್ಟಿಗೆ ಬಯಲಿನಲ್ಲಿ ಒಂದು ಊರೇ ಎದ್ದು ನಿಲ್ಲುತ್ತಿತ್ತು. ಅದನ್ನು ನಡೆಸುತ್ತಿದ್ದವರು ಯಾರೆಂದು ವಿಂಗಡಿಸಿ ನೋಡಿದರೆ, ಇಂದಿನ ಮನರಂಜನಾ ಉದ್ಯಾನದ ಸಿಬ್ಬಂದಿಯ ಕೆಲಸಗಳೆಲ್ಲವೂ ಅಲ್ಲಿ ಇದ್ದುವೆಂಬುದು ತಿಳಿದುಬರುತ್ತದೆ.

ಮೊದಲನೆಯವರು ನೀರು, ಅನ್ನಗಳನ್ನು ನೀಡುವವರು. ತೆಂಗಿನ ಗರಿಯ ಚಪ್ಪರದ ಕೆಳಗೆ ಮಣ್ಣಿನ ಹರವಿಗಳಲ್ಲಿ ನೀರು, ನೀರುಮಜ್ಜಿಗೆ, ಬೆಲ್ಲದ ಪಾನಕಗಳನ್ನು ಇಟ್ಟುಕೊಂಡು ಕರೆಕರೆದು ಕೊಡುವ ಅರವಟ್ಟಿಗೆಯವರು ಈ ಗುಂಪಿಗೆ ಸೇರುತ್ತಾರೆ. ಹಳ್ಳಿಹಳ್ಳಿಗಳಿಂದ ಸಿಂಗರಿಸಿದ ಪಾನಕದ ಬಂಡಿಗಳನ್ನು ಹೂಡಿಕೊಂಡು ಬಂದು ಹಂಚುವ ಪದ್ಧತಿಯೂ ಹಳೆಯ ಮೈಸೂರಿನ ಜಾತ್ರೆಗಳಲ್ಲಿ ರೂಢಿಯಲ್ಲಿದೆ. ಇದಲ್ಲದೆ, ಜಾತ್ರೆಯ ಊರಿನ ಪ್ರತಿಯೊಂದು ಮನೆಯೂ ಆ ದಿನ ಛತ್ರವಾಗುತ್ತಿತ್ತು. ನೆಂಟರು, ನೆಂಟರ ನೆಂಟರು, ಪರಿಚಯವಿಲ್ಲದವರು ಎಲ್ಲರಿಗೂ ಎಲೆ ಹಾಕಬೇಕಾಗಿತ್ತು. ಇದರ ಸಂಪೂರ್ಣ ಭಾರವನ್ನು ಹೊತ್ತವರು ಮನೆಯ ಹೆಂಗಸರು. ತೇರು ಹರಿಯುವ ಗಳಿಗೆಯಲ್ಲಿಯೂ ಒಲೆಯನ್ನು ಬಿಟ್ಟು ಏಳಲಾಗದಿದ್ದ ಅವರ ಪಾಲಿಗೆ ಜಾತ್ರೆಯೆಂಬುದು ದುಡಿಮೆಯ ದಿನವಾಗಿತ್ತು.

ಎರಡನೆಯವರು ವಿನೋದವನ್ನು ಒದಗಿಸುವವರು. ಮರದ ರಾಟೆತೊಟ್ಟಿಲನ್ನು ತೋಳಿನ ಬಲದಿಂದ ತಿರುಗಿಸುತ್ತಿದ್ದವನನ್ನು ಇಲ್ಲಿ ವಿಶೇಷವಾಗಿ ಸ್ಮರಿಸಬೇಕು. ಮಕ್ಕಳನ್ನು ಎತ್ತಿ ಕೂರಿಸುವುದು, ಅಡ್ಡಕೋಲು ಭದ್ರವಾಗಿದೆಯೇ ಎಂದು ನೋಡುವುದು, ಹೆದರಿ ಅಳುವ ಮಗುವಿಗಾಗಿ ವೇಗವನ್ನು ತಗ್ಗಿಸುವುದು, ಇಳಿಸುವಾಗ ಒಂದು ಹಾಸ್ಯದ ಮಾತನ್ನಾಡುವುದು, ಇವೆಲ್ಲವೂ ಅವನ ಕೆಲಸವಾಗಿತ್ತು. ಇಂದು ವಿದ್ಯುಚ್ಛಕ್ತಿಯಿಂದ ತಿರುಗುವ ದೊಡ್ಡ ಯಂತ್ರಗಳ ಬಳಿ ನಿಂತಿರುವ ಸಮವಸ್ತ್ರದ ಯುವಕನು ಮಾಡುವುದೂ ಇವೇ ಕೆಲಸಗಳನ್ನು.

ಮೂರನೆಯವರು ಕಾಯುವವರು ಮತ್ತು ಶುಚಿಗೊಳಿಸುವವರು. ಡಾ. ನಾ. ಸು. ಹರ್ಡೀಕರರು ೧೯೨೩ರಲ್ಲಿ ಸ್ಥಾಪಿಸಿದ ಹಿಂದೂಸ್ತಾನಿ ಸೇವಾದಳವು ೧೯೨೪ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಜನಸಂದಣಿಯಲ್ಲಿ ಸೇವೆ ಸಲ್ಲಿಸಿತು. ಜನಸಮೂಹವನ್ನು ಗದರಿಸದೆ ನಡೆಸುವುದು ಕಲಿಯತಕ್ಕ ವಿದ್ಯೆಯೆಂಬ ಭಾವನೆಯು ಇಂತಹ ಸಂಘಟನೆಗಳಿಂದ ನಮ್ಮಲ್ಲಿ ಬೆಳೆಯಿತು. ಸೇವಾದಳದ ಮತ್ತು ಸ್ಕೌಟು ಗೈಡುಗಳ ಬಾಲಕ ಬಾಲಕಿಯರು ಜಾತ್ರೆಗಳಲ್ಲಿ ಸಾಲನ್ನು ನಿಲ್ಲಿಸುವುದು, ಕಳೆದುಹೋದ ಮಕ್ಕಳನ್ನು ತಂದೆತಾಯಿಗಳಿಗೆ ಒಪ್ಪಿಸುವುದು ಮುಂತಾದ ಕೆಲಸಗಳನ್ನು ಮಾಡುತ್ತಾರೆ. ಇವರಿಗೆ ದೊರೆಯುವ ಪ್ರಶಂಸೆಯು, ಎಲ್ಲರೂ ಹೋದ ಮೇಲೆ ಎಂಜಲೆಲೆಗಳನ್ನೂ ಕಸವನ್ನೂ ಬಳಿದು ಬಯಲನ್ನು ಮತ್ತೆ ಬಯಲಾಗಿಸುವ ಪೌರಕಾರ್ಮಿಕರಿಗೆ ದೊರೆತುದು ಅಪರೂಪ.

೭. ನಾಟಕದ ಭಾಷೆ ಮತ್ತು ಮನರಂಜನಾ ಉದ್ಯಾನ

ಜಾತ್ರೆಯ ಬಯಲಿನಲ್ಲಿ ಡೇರೆ ಹಾಕುತ್ತಿದ್ದ ನಾಟಕ ಕಂಪೆನಿಗಳನ್ನು ನೆನೆಯದೆ ಈ ಸೀಮೆಯ ವಿನೋದದ ಚರಿತ್ರೆ ಪೂರ್ಣವಾಗದು. ೧೮೮೪ರಲ್ಲಿ ಸ್ಥಾಪಿತವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ನಾಡಿನಾದ್ಯಂತ ಪ್ರಸಿದ್ಧವಾಯಿತು. ವೀರಣ್ಣನವರ ಆತ್ಮಕಥನಕ್ಕೆ ‘ಕಲೆಯೇ ಕಾಯಕ’ ಎಂಬ ಹೆಸರಿರುವುದು ಅರ್ಥಪೂರ್ಣ. ಜನರನ್ನು ನಗಿಸುವುದು ಕಾಯಕವಾಗಬಲ್ಲದೆಂಬ ನಂಬಿಕೆಯು ಆ ಹೆಸರಿನಲ್ಲಿದೆ. ಆದರೆ ಅಲ್ಲಿಯೂ ಪರದೆ ಎಳೆದವರು, ದೀಪ ಹಿಡಿದವರು, ಬಾಗಿಲಿನಲ್ಲಿ ಜನರನ್ನು ಎದುರುಗೊಂಡವರು ಹಿಂದೆಯೇ ಉಳಿದರು.

ನಾಟಕದ ಈ ಸ್ಮರಣೆಗೆ ಬೇರೊಂದು ಕಾರಣವೂ ಉಂಟು. ಆಧುನಿಕ ಮನರಂಜನಾ ಉದ್ಯಾನಗಳಿಗೆ ಮಾದರಿಯಾದ ಡಿಸ್ನಿಲ್ಯಾಂಡ್ ೧೯೫೫ನೆಯ ಜುಲೈ ೧೭ರಂದು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಅನಾಹೈಮ್ ನಗರದಲ್ಲಿ ತೆರೆಯಲ್ಪಟ್ಟಿತು. ಅಲ್ಲಿಯ ನೌಕರರಿಗೆ ತರಬೇತಿ ಕೊಡುವ ಹೊಣೆಯು ವ್ಯಾನ್ ಫ್ರಾನ್ಸ್ ಎಂಬುವರದಾಗಿತ್ತು. ಅಲ್ಲಿ ಬರುವವರನ್ನು ಗಿರಾಕಿಗಳೆನ್ನದೆ ಅತಿಥಿಗಳೆಂದೂ, ನೌಕರರನ್ನು ಪಾತ್ರವರ್ಗದವರೆಂದೂ ಕರೆಯುವ ವಾಡಿಕೆ ಬೆಳೆಯಿತು. ಜನರಿಗೆ ಕಾಣುವ ಭಾಗವನ್ನು ರಂಗವೆಂದೂ ಕಾಣದ ಭಾಗವನ್ನು ನೇಪಥ್ಯವೆಂದೂ ಹೇಳಿದರು. ಸುರಕ್ಷತೆ, ಸೌಜನ್ಯ, ಪ್ರದರ್ಶನ, ದಕ್ಷತೆ ಎಂಬ ನಾಲ್ಕು ಸೂತ್ರಗಳನ್ನು ಇದೇ ಅನುಕ್ರಮದಲ್ಲಿ ಅಲ್ಲಿ ಕಲಿಸಿದರು. ಅಲ್ಲಿ ಕಸ ಗುಡಿಸುವವನೂ ಪಾತ್ರಧಾರಿಯೇ. ಬಂದವರು ದಾರಿ ಕೇಳುವುದು ಹೆಚ್ಚಾಗಿ ಅವನನ್ನೇ ಆದುದರಿಂದ ಅವನೂ ಎಲ್ಲವನ್ನೂ ತಿಳಿದಿರಬೇಕಾಗುತ್ತದೆ.

ನಮ್ಮ ದೇಶದಲ್ಲಿಯೂ ಇಂತಹ ಉದ್ಯಾನಗಳು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದ ಹುಟ್ಟಿಕೊಂಡವು. ಕೊಚ್ಚಿಯ ಬಳಿ ೨೦೦೦ದಲ್ಲಿ ವೀಗಾಲ್ಯಾಂಡನ್ನು ತೆರೆದ ಉದ್ಯಮಿಗಳು ೨೦೦೫ರಲ್ಲಿ ಬೆಂಗಳೂರು ಮೈಸೂರು ರಸ್ತೆಯಲ್ಲಿ, ಬಿಡದಿಯ ಸಮೀಪದಲ್ಲಿ, ವಂಡರ್‌ಲಾ ಉದ್ಯಾನವನ್ನು ತೆರೆದರು. ತೆಂಗಿನ ಸೀಮೆಯ ಶಾಲೆ ಕಾಲೇಜುಗಳ ಪ್ರವಾಸದ ಪಟ್ಟಿಯಲ್ಲಿ ಬೇಲೂರು ಹಳೇಬೀಡುಗಳ ಜೊತೆಗೆ ಇಂತಹ ಸ್ಥಳಗಳೂ ಸೇರಿವೆ. ನೀರಿನ ಕೊಳದ ಅಂಚಿನಲ್ಲಿ ಎಚ್ಚರದಿಂದ ನಿಂತಿರುವ ಜೀವರಕ್ಷಕ, ಯಂತ್ರದ ಪಟ್ಟಿಯನ್ನು ಎರಡು ಬಾರಿ ಎಳೆದು ನೋಡುವ ಯುವತಿ, ಭೋಜನಾಲಯದ ಬಾಣಸಿಗ, ಶೌಚಾಲಯವನ್ನು ಗಳಿಗೆಗೊಮ್ಮೆ ತೊಳೆಯುವ ಹೆಂಗಸು, ಇವರು ಅರವಟ್ಟಿಗೆಯವರ, ರಾಟೆತೊಟ್ಟಿಲಿನವನ, ಛತ್ರದ ಅಡುಗೆಯವರ ವಾರಸುದಾರರು.

ಹಿಂದಿನದಕ್ಕೂ ಇಂದಿನದಕ್ಕೂ ಇರುವ ವ್ಯತ್ಯಾಸಗಳನ್ನೂ ಹೇಳಬೇಕು. ಅರವಟ್ಟಿಗೆಯಲ್ಲಿ ನೀರು ಧರ್ಮಾರ್ಥವಾಗಿತ್ತು; ಉದ್ಯಾನದಲ್ಲಿ ಎಲ್ಲಕ್ಕೂ ಬೆಲೆಯುಂಟು. ಅರವಟ್ಟಿಗೆಯಲ್ಲಿ ಭೇದವಿತ್ತು, ಉದ್ಯಾನದಲ್ಲಿ ಹಣ ಕೊಟ್ಟವರೆಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಆದರೆ ಹಣವಿಲ್ಲದವನು ಆ ಸಾಲಿಗೇ ಬರಲಾರನು. ಮತ್ತೊಂದು ವ್ಯತ್ಯಾಸವು ಇನ್ನೂ ಸೂಕ್ಷ್ಮವಾದುದು. ಇಂದಿನ ಸಿಬ್ಬಂದಿಗೆ ನಗುವುದೂ ಕೆಲಸದ ಒಂದು ಕರಾರಾಗಿದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್ಸ್‌ಚೈಲ್ಡ್ ಅವರು ವಿಮಾನದ ಪರಿಚಾರಿಕೆಯರನ್ನು ಕುರಿತು ೧೯೮೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತನ್ನ ಮನಸ್ಸಿನ ಭಾವವನ್ನು ಅದುಮಿ ಪರರಿಗೆ ಹಿತವಾಗುವ ಭಾವವನ್ನು ಮುಖದಲ್ಲಿ ತೋರಿಸುವುದೂ ಒಂದು ದುಡಿಮೆಯೆಂದು ವಿವರಿಸಿದ್ದಾರೆ. ಬಿಸಿಲಿನಲ್ಲಿ ಎಂಟು ಗಂಟೆ ನಿಂತು, ಒಂದೇ ಪ್ರಶ್ನೆಗೆ ನೂರನೆಯ ಬಾರಿಯೂ ಸಮಾಧಾನದಿಂದ ಉತ್ತರಿಸುವವನ ನಗುವನ್ನು ಟಿಕೀಟಿನೊಡನೆ ಕೊಂಡ ವಸ್ತುವೆಂದು ತಿಳಿಯುವುದು ಸರಿಯಲ್ಲ. ಹಾಗೆಯೇ ಅದು ಸಂಬಳಕ್ಕಾಗಿ ಬಂದ ನಗುವಾದುದರಿಂದ ಸುಳ್ಳೆಂದು ತಳ್ಳಿಹಾಕುವುದೂ ಸರಿಯಲ್ಲ. ಹೊಯ್ಸಳರ ಕಾಲದ ಪರಿಚಾರಕನಿಗೂ ಗದ್ಯಾಣವಿತ್ತು, ತಳವಾರನಿಗೂ ಕಣದ ಆಯವಿತ್ತು. ಅದರಿಂದ ಅವರ ಸೌಜನ್ಯವು ಹುಸಿಯಾಗಲಿಲ್ಲ. ಕೂಲಿಯು ಕೈಯ ಕೆಲಸವನ್ನು ಕೊಳ್ಳಬಲ್ಲದು. ಅಳುವ ಮಗುವಿಗಾಗಿ ರಾಟೆಯ ವೇಗವನ್ನು ತಗ್ಗಿಸುವ ವಿವೇಕವು ಕೆಲಸಗಾರನ ಸ್ವಂತದ್ದು.

೮. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ತಿಳಿದುಬರುವುದೇನೆಂದರೆ, ಯಾತ್ರಿಕರ ಉಪಚಾರವು ತೆಂಗಿನ ಸೀಮೆಯಲ್ಲಿ ಎಲ್ಲ ಕಾಲದಲ್ಲಿಯೂ ದಾನಿಗಳ ಔದಾರ್ಯ ಮತ್ತು ಕೆಲಸಗಾರರ ದುಡಿಮೆ ಎಂಬ ಎರಡು ಕಂಬಗಳ ಮೇಲೆ ನಿಂತಿತ್ತು. ನಮ್ಮ ಚರಿತ್ರೆಯು ಮೊದಲನೆಯದನ್ನು ಬರೆಯಿತು, ಎರಡನೆಯದನ್ನು ಬಿಟ್ಟಿತು. ಕೆಲಸಗಾರರನ್ನು ಮೆಚ್ಚಿಕೊಳ್ಳುವುದೆಂದರೆ ಬಾಯಿಮಾತಿನಲ್ಲಿ ಹೊಗಳುವುದು ಮಾತ್ರವಲ್ಲ. ಅವರಿಗೆ ನ್ಯಾಯವಾದ ಪ್ರತಿಫಲ, ಕುಳಿತು ದಣಿವಾರಿಸಿಕೊಳ್ಳಲು ನೆರಳು, ತಾವು ಬಡಿಸಿದ ಪಂಕ್ತಿಯಲ್ಲಿ ತಾವೂ ಕೂರುವ ಅಧಿಕಾರ, ಮತ್ತು ದಾಖಲೆಯಲ್ಲಿ ಒಂದು ಹೆಸರು, ಇವೆಲ್ಲವೂ ಮೆಚ್ಚಿಕೆಯ ಅಂಗಗಳೇ.

ಇವುಗಳಲ್ಲಿ ಕೊನೆಯದು ನಮ್ಮ ಶಾಸ್ತ್ರದ ವ್ಯಾಪ್ತಿಗೆ ಸೇರಿದುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಾಲೇಜು ವಿದ್ಯಾರ್ಥಿಗಳು ಈ ಕೆಲಸಕ್ಕೆ ಅತ್ಯಂತ ಅನುಕೂಲವಾದ ಸ್ಥಾನದಲ್ಲಿದ್ದಾರೆ. ದೇವಾಲಯ ಮಠಗಳ ಜಾತ್ರೆಯ ಖರ್ಚಿನ ಕಡತಗಳು, ಛತ್ರಗಳ ಲೆಕ್ಕದ ಪುಸ್ತಕಗಳು, ಪುರಸಭೆಗಳ ಹಾಜರಿ ಪಟ್ಟಿಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲಲ್ಲಿ ಅವುಗಳನ್ನು ಪಟ್ಟಿಮಾಡಬೇಕು. ಕೂಲಿಯ ಬಾಬಿನಲ್ಲಿ ಬರೆದಿರುವ ಒಂದೊಂದು ಹೆಸರೂ ಇತಿಹಾಸಕ್ಕೆ ಬೇಕಾದುದೇ. ಅದಕ್ಕಿಂತಲೂ ಅವಸರದ ಕಾರ್ಯವೆಂದರೆ, ಪಾನಕದ ಬಂಡಿಯನ್ನು ಹೂಡಿದವರು, ಜಾತ್ರೆಯ ಮನೆಗಳಲ್ಲಿ ಅಡುಗೆ ಮಾಡಿದ ವೃದ್ಧೆಯರು, ಮರದ ರಾಟೆಯನ್ನು ತಿರುಗಿಸಿದವರು, ಬಂಗಲೆಗಳ ಹಳೆಯ ಮೇಟಿಗಳು ಇವರಲ್ಲಿ ಬದುಕಿರುವವರನ್ನು ಕಂಡು, ಅವರ ಮಾತುಗಳನ್ನು ಅವರ ಅನುಮತಿಯಿಂದ ಬರೆದುಕೊಳ್ಳುವುದು. ಛತ್ರದ ಹೊರಗೆ ನಿಂತವರ ಮಾತುಗಳನ್ನೂ ಅದೇ ಶ್ರದ್ಧೆಯಿಂದ ಸಂಗ್ರಹಿಸಬೇಕು. ಕಲ್ಲಿನ ಶಾಸನವು ಇನ್ನೂ ನೂರು ವರ್ಷ ಕಾದೀತು. ಈ ವೃದ್ಧರ ನೆನಪು ಅಷ್ಟು ಕಾಲ ಕಾಯಲಾರದು.